ಫ್ರೇಮಿನ ಜಾತಕ: ಹಳೆಯ ಉಕ್ಕಿನ ಸೈಕಲ್ ರಸಿಕರಿಗೊಂದು ಕೈಪಿಡಿ

ಕಲ್ಯಾಣದ ಭಂಗಾರ್ ಅಂಗಡಿಯ ಮೂಲೆಯಲ್ಲಿ, ಡೊಂಬಿವಲಿಯ ಹಳೆಯ ಚಾಳುಗಳ ಮೆಟ್ಟಿಲ ಕೆಳಗೆ, ಥಾಣೆಯಲ್ಲಿ ಬೆಳಗಿನ ಪಾವ್ ಹಂಚುವವರ ಕೈಯಲ್ಲಿ ಕರಿ ಬಣ್ಣದ ಭಾರೀ ಸೈಕಲ್ಲುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಮಾರುವವನ ಬಾಯಲ್ಲಿ ಅವೆಲ್ಲ ‘ಅಸಲಿ ಇಂಗ್ಲೆಂಡ್ ಮಾಲ್’. ಫ್ರೇಮನ್ನು ಕೇಳಿದರೆ ಅದು ಬೇರೆಯೇ ಊರು ಹೇಳುತ್ತದೆ: ಲೂಧಿಯಾನ, ಸೋನಿಪತ್, ಅಸನ್ಸೋಲ್, ಅಂಬತ್ತೂರು, ಒಮ್ಮೊಮ್ಮೆ ಪಕ್ಕದ ವರ್ಲಿ. ಈ ಊರುಗಳನ್ನು ಗುರುತಿಸಬಲ್ಲವನಿಗೆ ಇಂಗ್ಲೆಂಡಿನ ಹೆಸರಿಲ್ಲದ ಸೈಕಲ್ಲೂ ರುಚಿಸುತ್ತದೆ.

ಹೊಸಬರು ಮೊದಲು ತಿಳಿಯಬೇಕಾದದ್ದು ಒಂದೇ ನಿಯಮ. ಯಾವುದನ್ನು ಬದಲಿಸುವುದು ಕಷ್ಟವೋ ಅದರ ಸಾಕ್ಷಿಗೆ ಬೆಲೆ ಹೆಚ್ಚು. ನಮ್ಮ ದೇಶದಲ್ಲಿ ಸೈಕಲ್ಲು ಕಾರ್ಖಾನೆಯಿಂದ ಬಿಡಿಬಿಡಿಯಾಗಿ ಬಂದು, ಅಂಗಡಿಯ ಫಿಟ್ಟರನ ಕೈಯಲ್ಲಿ ಜೋಡಣೆಯಾಗುವುದೇ ವಾಡಿಕೆ. ಆಮೇಲಿನ ದಶಕಗಳಲ್ಲಿ ಸೀಟು, ಚೈನು, ರಿಮ್ಮು, ಹ್ಯಾಂಡಲ್ಲು ಎಲ್ಲ ಬದಲಾಗಿರುತ್ತವೆ. ಆದ್ದರಿಂದ ಫ್ರೇಮಿಗೆ ಬೆಸೆದದ್ದನ್ನು ಮೊದಲು ನೋಡಬೇಕು. ರಿವೆಟ್ ಹೊಡೆದದ್ದು ಎರಡನೆಯದು, ಅಂಟಿಸಿದ್ದು ಮೂರನೆಯದು, ನಟ್ಟು ಬಿಗಿದದ್ದು ಕಟ್ಟಕಡೆಯದು.

ಬೆಸುಗೆಯಿಂದಲೇ ಶುರು ಮಾಡೋಣ. ಹಳೆಯ ರೋಡ್‌ಸ್ಟರ್ ಫ್ರೇಮಿನಲ್ಲಿ ಎರಡು ಕೊಳವೆ ಸೇರುವಲ್ಲೆಲ್ಲ ‘ಲಗ್’ ಎಂಬ ಉಕ್ಕಿನ ತೋಳು ಇರುತ್ತದೆ. ಕೊಳವೆಯನ್ನು ಅದರೊಳಗೆ ತೂರಿಸಿ, ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಲಗ್ಗೇ ಇಲ್ಲದೆ, ಕೊಳವೆಗೆ ಕೊಳವೆ ನೇರವಾಗಿ ವೆಲ್ಡ್ ಆಗಿ, ಸುತ್ತ ಅಲೆ ಅಲೆಯಾದ ಗೆರೆ ಕಂಡರೆ ಅದು ಬಹುತೇಕ ಎಂಟಿಬಿ (ಮೌಂಟನ್ ಬೈಕ್) ಕಾಲದ್ದು, ಅಂದರೆ 1990ರ ಈಚಿನದು. ಲಗ್ಗಿನ ಅಂಚು ಚೂಪಾಗಿ, ತೆಳುವಾಗಿ ಅರೆದಿದೆಯೋ ದಪ್ಪಗೆ ಹಾಗೇ ಬಿಟ್ಟಿದೆಯೋ ಎಂದು ಬೆರಳಾಡಿಸಿ ನೋಡಬೇಕು. ಕೆಲಸಗಾರ ಎಷ್ಟು ಹೊತ್ತು ಅದರ ಮೇಲೆ ಕೂತಿದ್ದ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮುಂದಿನ ಫೋರ್ಕು ಇನ್ನೂ ಮಾತುಗಾರ. ಅದರ ನೆತ್ತಿಯ ಎರಡೂ ಬದಿಗೆ ಕ್ರೋಮಿನ ಟೊಪ್ಪಿಗೆಗಳಿದ್ದರೆ ಅದು ಇಂಗ್ಲೆಂಡಿನ ರ್‍ಯಾಲಿ ವಂಶದ ಲಕ್ಷಣ. ಒಂದೊಂದು ಕಾಲಿಗೂ ಎರಡೆರಡು ತೆಳು ಕೊಳವೆ ಜೋಡಿಯಾಗಿ ಇಳಿದಿದ್ದರೆ ಅದು ಹಂಬರ್ ಕಂಪನಿಯ ಪ್ರಸಿದ್ಧ ಜೋಡಿ ಫೋರ್ಕು.

ಮುಂದೆ ನಂಬರು. ಸಾಮಾನ್ಯವಾಗಿ ಅದು ಸೀಟಿನ ಕೆಳಗಿನ ಲಗ್ಗಿನಲ್ಲೋ, ಪೆಡಲಿನ ಅಚ್ಚು ಹಾಯುವ ಬಾಟಂ ಬ್ರಾಕೆಟ್ಟಿನ ಅಡಿಯಲ್ಲೋ ಕೊರೆದಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆದು, ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಎದ್ದು ಬರುತ್ತವೆ. ಸ್ಯಾಂಡ್‌ಪೇಪರ್ ಮಾತ್ರ ಬೇಡ. ನಂಬರು ಸಿಕ್ಕಿತೆಂದು ಹಿಗ್ಗಿ ವರ್ಷ ಘೋಷಿಸುವುದೂ ಬೇಡ. ರ್‍ಯಾಲಿಯಂಥ ದೊಡ್ಡ ಕಂಪನಿಯ ನಂಬರಿನ ಸರಣಿಗಳು ಮರುಕಳಿಸಿವೆ. ಬೇರೆ ಸಾಕ್ಷಿ ಜೊತೆಗಿಲ್ಲದೆ ನಂಬರಿನ ಮಾತು ನಿಲ್ಲುವುದಿಲ್ಲ.

ಹೆಡ್ ಟ್ಯೂಬಿನ ಮೇಲಿನ ಬ್ಯಾಡ್ಜು ಎಲ್ಲರ ಕಣ್ಣು ಸೆಳೆಯುತ್ತದೆ. ಮೋಸ ನಡೆಯುವುದೂ ಅಲ್ಲೇ, ಏಕೆಂದರೆ ಹೊಸದಾಗಿ ಅಚ್ಚು ಹಾಕಿದ ‘ಹಳೆಯ’ ಬ್ಯಾಡ್ಜುಗಳು ಪೇಟೆಯಲ್ಲಿವೆ. ಬ್ಯಾಡ್ಜಿನ ಸುತ್ತಲಿನ ಬಣ್ಣ ನೋಡಬೇಕು, ರಿವೆಟ್ಟಿನ ತಲೆ ಹಳತೋ ಎಂದು ನೋಡಬೇಕು, ಪಕ್ಕದಲ್ಲಿ ಮುಚ್ಚಿದ ತೂತುಗಳಿವೆಯೇ ಎಂದೂ ನೋಡಬೇಕು. ಬ್ಯಾಡ್ಜೇ ಹೋಗಿದ್ದರೂ ನಷ್ಟವಿಲ್ಲ. ಉಳಿದ ತೂತುಗಳ ಅಂತರವನ್ನು ಇನ್ನೊಂದು ಸೈಕಲ್ಲಿನ ಬ್ಯಾಡ್ಜಿಗೆ ಹೋಲಿಸಿ ಮನೆತನ ಹಿಡಿಯಬಹುದು.

ಹೆಸರು ಖಚಿತವಾದರೆ ಕಾಲದ ಕೆಳಗಡಿಯೂ ಸಿಕ್ಕಂತೆ. ಲೂಧಿಯಾನದ ಹೀರೋ ಶುರುವಾದದ್ದು 1956ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ. ‘ನಮ್ಮಜ್ಜ ಸ್ವಾತಂತ್ರ್ಯಕ್ಕೆ ಮುಂಚೆ ಕೊಂಡ ಹೀರೋ’ ಎಂಬ ಕಥೆ ಅಲ್ಲಿಗೇ ಮುಗಿಯಿತು. ಹರ್ಕ್ಯುಲಿಸ್ ಮತ್ತು ಫಿಲಿಪ್ಸ್ ವಿಷಯದಲ್ಲಿ ಎಚ್ಚರ ಬೇಕು. ಎರಡೂ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಸೀಮೆಯಲ್ಲಾದರೂ 1949ರಲ್ಲಿ ಸ್ಥಾಪನೆಯಾದ ಟಿಐ ಸೈಕಲ್ಸ್ ಅವನ್ನು ಮದರಾಸಿನ ಅಂಬತ್ತೂರಿನಲ್ಲಿ ತಯಾರಿಸಿತು. ಬಿಎಸ್‌ಎ ಕಥೆಯೂ ಇದೇ. ಅದರ ಲಾಂಛನದ ಮೂರು ಬಂದೂಕುಗಳು ಮೂಲ ಕಂಪನಿ ಶಸ್ತ್ರಾಸ್ತ್ರ ಮಾಡುತ್ತಿದ್ದುದರ ಗುರುತು. ರ್‍ಯಾಲಿಯ ಕೊಕ್ಕರೆ ತಲೆಯ ಬ್ಯಾಡ್ಜಿನಲ್ಲಿ ನಾಟಿಂಗ್‌ಹ್ಯಾಮ್ ಎಂದಿದ್ದರೆ ಇಂಗ್ಲೆಂಡಿನದು. ಸೆನ್-ರ್‍ಯಾಲಿ ಎಂದಿದ್ದರೆ ಪಶ್ಚಿಮ ಬಂಗಾಳದ ಅಸನ್ಸೋಲಿನದು.

ಈ ಭಾಗದವರು ವಿಶೇಷವಾಗಿ ಹುಡುಕಬೇಕಾದ ಹೆಸರು ‘ಹಿಂದ್’. ಬಿರ್ಲಾ ಮನೆತನ ಕಟ್ಟಿದ ಹಿಂದ್ ಸೈಕಲ್ಸ್ ಕಾರ್ಖಾನೆ ಇದ್ದದ್ದು ವರ್ಲಿಯಲ್ಲಿ, ಸ್ವಾತಂತ್ರ್ಯಕ್ಕೆ ಮುಂಚಿನಿಂದಲೇ. 1980ರಲ್ಲಿ ಸಂಸತ್ತು ಒಂದೇ ಕಾಯ್ದೆಯಿಂದ ಹಿಂದ್ ಸೈಕಲ್ಸನ್ನೂ ಸೆನ್-ರ್‍ಯಾಲಿಯನ್ನೂ ರಾಷ್ಟ್ರೀಕರಣ ಮಾಡಿತು. ಮೊದಲನೆಯದು ನ್ಯಾಷನಲ್ ಬೈಸಿಕಲ್ ಕಾರ್ಪೊರೇಷನ್ ಆಯಿತು, ಎರಡನೆಯದು ಸೈಕಲ್ ಕಾರ್ಪೊರೇಷನ್. ಫ್ರೇಮಿನ ಮೇಲೆ ‘ಕಾರ್ಪೊರೇಷನ್’ ಎಂದಿದ್ದರೆ ಅದು ಸರಕಾರಿ ಕಾಲದ್ದು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಸೈಕಲ್ಲನ್ನು ಬಿಟ್ಟು ನಾಟಿಂಗ್‌ಹ್ಯಾಮಿನ ಹಿಂದೆ ಬೀಳುವುದು ರಸಿಕತೆಯಲ್ಲ.

ಅಂಟಿಸಿದ ಸಾಕ್ಷಿಗಳಲ್ಲಿ ಅತಿ ರಸವತ್ತಾದದ್ದು ಮಾರಿದ ಅಂಗಡಿಯ ಚೀಟಿ. ಅದು ಸಾಮಾನ್ಯವಾಗಿ ಸೀಟಿನ ಕೆಳಗಿನ ಕೊಳವೆಯ ಮೇಲಿರುತ್ತದೆ. ಅದರಲ್ಲಿನ ವಿಳಾಸವೇ ಪಂಚಾಂಗ. ಆರಂಕಿಯ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ‘ಬಾಂಬೆ 2’ ಎಂದು ಬರೀ ವಲಯದ ಅಂಕಿ ಇದ್ದರೆ ಅದಕ್ಕೂ ಹಳೆಯದಿರಬಹುದು. ಥಾಣೆ, ವಾಶಿಯ ಪಿನ್ 400ರಿಂದ, ಕಲ್ಯಾಣ-ಡೊಂಬಿವಲಿಯದು 421ರಿಂದ ಶುರುವಾಗುವುದರಿಂದ ಊರ ಹೆಸರು ಹರಿದು ಹೋಗಿದ್ದರೂ ದಿಕ್ಕು ತಿಳಿಯುತ್ತದೆ. ನವಿ ಮುಂಬಯಿಯ ಕಥೆ ಇನ್ನೂ ಸುಲಭ. ಆ ನಗರವನ್ನು ಕಟ್ಟಿದ ಸಿಡ್ಕೊ ಸ್ಥಾಪನೆಯಾದದ್ದೇ 1970ರಲ್ಲಿ, ಆದ್ದರಿಂದ ‘ನ್ಯೂ ಬಾಂಬೆ’ ಎಂದು ಅಚ್ಚಾದ ಚೀಟಿ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಬಾಂಬೆ ಅಧಿಕೃತವಾಗಿ ಮುಂಬಯಿಯಾದದ್ದು 1995ರಲ್ಲಿ, ಮದರಾಸು ಚೆನ್ನೈಯಾದದ್ದು 1996ರಲ್ಲಿ. ಐಎಸ್‌ಐ ಮುದ್ರೆಯನ್ನು ಮಾತ್ರ ಕಾಲನಿರ್ಣಯಕ್ಕೆ ನಂಬಬಾರದು: 1987ರಲ್ಲಿ ಸಂಸ್ಥೆಯ ಹೆಸರು ಬಿಐಎಸ್ ಆದರೂ ಮುದ್ರೆ ಹಾಗೇ ಉಳಿಯಿತು.

ಕೆಲವು ಸೈಕಲ್ಲುಗಳಲ್ಲಿ ನಗರಸಭೆಯ ಬಿಲ್ಲೆ ನೇತಾಡುತ್ತಿರುತ್ತದೆ. ಸೈಕಲ್ಲಿಗೂ ತೆರಿಗೆ ಇದ್ದ ಕಾಲದಲ್ಲಿ ಹಲವು ಊರುಗಳು ವರ್ಷ ಕೊರೆದ ಲೋಹದ ಬಿಲ್ಲೆ ಕೊಡುತ್ತಿದ್ದವು. ಉದ್ಯೋಗಕ್ಕೆಂದು ಇಲ್ಲಿಗೆ ಬಂದ ಕನ್ನಡಿಗರು ಊರಿನಿಂದ ತರಿಸಿಕೊಂಡ ಸೈಕಲ್ಲಾದರೆ ಬಿಲ್ಲೆಯ ಮೇಲೆ ಕರ್ನಾಟಕದ ಊರೂ ಇರಬಹುದು. ಆ ವರ್ಷ ಸೈಕಲ್ಲು ಓಡುತ್ತಿತ್ತು ಎಂದಷ್ಟೇ ಅದರ ಅರ್ಥ. ಹುಟ್ಟಿದ ವರ್ಷ ಇನ್ನೂ ಹಿಂದಿನದಿರಬಹುದು.

ಕೊನೆಗೆ ನಟ್ಟು ಬಿಗಿದ ಭಾಗಗಳು. ಚೈನ್‌ವೀಲಿನ ಕೊರೆತವನ್ನು ನೋಡುವುದೇ ಒಂದು ಸುಖ: ರ್‍ಯಾಲಿಯಲ್ಲಿ ಕೊಕ್ಕರೆ, ಬಿಎಸ್‌ಎಯಲ್ಲಿ ಅದರ ಮೂರಕ್ಷರ, ಹಂಬರಿನಲ್ಲಿ ಕೈಕಾಲು ಚಾಚಿದ ಐದು ಪುಟ್ಟ ಮನುಷ್ಯರು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಗೇರು ಹಬ್ ಸಿಕ್ಕರೆ ಅದರ ಮೈಮೇಲೆ ವರ್ಷದ ಅಂಕಿಯೇ ಇರುತ್ತದೆ. 58 ಎಂದಿದ್ದರೆ 1958. ಆದರೆ ಅದು ಚಕ್ರದ ವಯಸ್ಸು. ಚಕ್ರ ಬೇರೆ ಸೈಕಲ್ಲಿನಿಂದ ಬಂದಿರಬಹುದು. ಮುಂದೆ 32, ಹಿಂದೆ 40 ಕಡ್ಡಿ, 28×1½ ಟೈರು, ಸರಳಿನ ಬ್ರೇಕು ಇವುಗಳಿಂದ ವಯಸ್ಸು ಹೇಳಲಾಗದು. ಬ್ರಿಟಿಷರ ಈ ಲೆಕ್ಕವನ್ನು ನಮ್ಮ ಕಾರ್ಖಾನೆಗಳು ದಶಕಗಟ್ಟಲೆ ಹಾಗೇ ಮುಂದುವರಿಸಿದವು.

ಇವೆಲ್ಲವನ್ನೂ ಕೂಡಿಸುವ ಬಗೆ ಹೀಗೆ. ಲಗ್ಗಿನ ಫ್ರೇಮು, ಹರ್ಕ್ಯುಲಿಸ್ ಬ್ಯಾಡ್ಜು, ಅದರಲ್ಲಿ ಮದರಾಸು, ಪಿನ್ ಇರುವ ‘ನ್ಯೂ ಬಾಂಬೆ’ ಅಂಗಡಿಯ ಚೀಟಿ, ಹೊಳೆಯುವ ಹೊಸ ಸೀಟು ಇದ್ದರೆ ತೀರ್ಪು: ಅಂಬತ್ತೂರಿನದು, 1972ರಿಂದ 1990ರ ದಶಕದ ನಡುವಿನದು. ಸೀಟು ಲೆಕ್ಕಕ್ಕಿಲ್ಲ. ಒಂದೇ ವರ್ಷ ಹೇಳುವವನಿಗಿಂತ ಇಂತಿಷ್ಟರ ನಡುವೆ ಎನ್ನುವವನ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಕೊಳ್ಳುವ ಮುನ್ನ ಇನ್ನೆರಡು ಕೆಲಸಗಳಿವೆ. ಖಾಡಿಯ ಉಪ್ಪುಗಾಳಿ, ಇಲ್ಲಿನ ಮಳೆಗಾಲ ಎರಡೂ ಉಕ್ಕಿಗೆ ವೈರಿಗಳು. ಬಾಟಂ ಬ್ರಾಕೆಟ್ಟಿನ ಸುತ್ತ ಮೆಲ್ಲಗೆ ತಟ್ಟಿ ಒಳತುಕ್ಕನ್ನು ಪರೀಕ್ಷಿಸಿ, ಸೀಟಿನ ಕಂಬ ಅಲುಗುತ್ತದೆಯೇ ನೋಡಿ. ಮಾರುವವನಿಂದ ಫ್ರೇಮ್ ನಂಬರು ಬರೆದ ರಸೀದಿ ಪಡೆಯಿರಿ, ಕದ್ದ ಮಾಲಿನ ತಂಟೆ ತಪ್ಪುತ್ತದೆ. ಮನೆಗೆ ತಂದ ಕೂಡಲೇ ಬಣ್ಣ ಹೊಡೆಸಲು ಓಡಬೇಡಿ. ಮೊದಲು ಬ್ಯಾಡ್ಜು, ನಂಬರು, ಚೀಟಿ ಎಲ್ಲದರ ಫೋಟೋ ತೆಗೆದಿಡಿ. ಒಮ್ಮೆ ಸ್ಪ್ರೇ ಪೇಂಟ್ ಬಿದ್ದರೆ ಅಂಗಡಿಯ ಚೀಟಿಯನ್ನು ಯಾರೂ ಮರಳಿ ತರಲಾರರು.