ಸಾಲದ ಲೆಕ್ಕ, ದುಡಿಯ ಸದ್ದು

ಕನ್ನಡದಲ್ಲಿ ರೈತನ ಕಾದಂಬರಿಗಳಿಗೆ ಬರವಿಲ್ಲ. ಕೂಲಿಯಾಳಿನ ಕಾದಂಬರಿಗಳು ಎಷ್ಟಿವೆ ಎಂದು ಕೇಳಿದರೆ ಮಾತ್ರ ತಡವರಿಸಬೇಕಾಗುತ್ತದೆ. ಹೊಲ ಕಳೆದುಕೊಳ್ಳುವವನ ಸಂಕಟ ನಮ್ಮ ಕಥನದ ನಡುಮನೆಯಲ್ಲಿ ಕೂತಿದೆ. ಕಳೆದುಕೊಳ್ಳಲು ಹೊಲವೇ ಇಲ್ಲದವರು ಬಹಳ ಕಾಲ ಅಂಗಳದಾಚೆಯೇ ನಿಂತಿದ್ದರು. ಅವರನ್ನು ಒಳಗೆ ಕರೆದ ಕೃತಿಗಳನ್ನೂ ವಿಮರ್ಶೆ ಹೆಚ್ಚಾಗಿ ಸಂಕೇತಗಳಿಗಾಗಿ ಓದಿತು, ಲೆಕ್ಕಕ್ಕಾಗಿ ಓದಲಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ನೋಡಿ. ಅದು ಬಂದದ್ದು 1933ರಲ್ಲಿ, ಜಗತ್ತಿನ ತುಂಬ ಧಾರಣೆ ಕುಸಿದಿದ್ದ ಹೊತ್ತಿನಲ್ಲಿ. ಆ ಮುಗ್ಗಟ್ಟನ್ನು ಕಾರಂತರು ಕಥೆಗೆ ಕಾರಣವಾಗಿ ತರುವುದಿಲ್ಲ, ತರಬೇಕಾಗಿಯೂ ಇಲ್ಲ. ಧಣಿಯ ಮನೆಗೆ ಕಟ್ಟುಬಿದ್ದ ಮೂಲದಾಳಿನ ಪಾಲಿಗೆ ಮುಗ್ಗಟ್ಟು 1929ರಲ್ಲಿ ಶುರುವಾದದ್ದಲ್ಲವಲ್ಲ! ಅಂಥ ಆಳು ಚೋಮನ ಬಳಿ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ, ಇಲ್ಲದಿರುವುದು ಬೇಸಾಯಕ್ಕೆ ತುಂಡು ನೆಲ. ಧಣಿ ಸಂಕಪ್ಪಯ್ಯ ಒಂದಿಷ್ಟು ಮೆತ್ತಗಾದರೂ ಅಸ್ಪೃಶ್ಯನಿಗೆ ಬೇಸಾಯ ಸಲ್ಲದೆಂದು ಅವನ ತಾಯಿ ಬಿಡುವುದಿಲ್ಲ. ಇಷ್ಟನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಬಿ.ವಿ. ಕಾರಂತರ 1975ರ ಸಿನಿಮಾ ಸ್ವರ್ಣಕಮಲ ಪಡೆದ ಮೇಲಂತೂ ದುಡಿ ಬಡಿಯುವ ಚೋಮ ಪುಸ್ತಕ ಓದದವರ ಕಣ್ಣಲ್ಲೂ ಉಳಿದ.

ಆದರೆ ಕಾದಂಬರಿಯನ್ನು ಮುಂದೆ ತಳ್ಳುವುದು ದುಡಿಯಲ್ಲ, ಸಾಲ. ಕಾಫಿ ತೋಟದ ಸಾಲ ತೀರಿಸಲು ಚೋಮ ಮಕ್ಕಳಾದ ಚನಿಯ, ಗುರುವರನ್ನು ಘಟ್ಟಕ್ಕೆ ಕಳಿಸುತ್ತಾನೆ. ಗುರುವ ಕ್ರಿಸ್ತರ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ಉಳಿಯುತ್ತಾನೆ, ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಇಬ್ಬರು ಗಂಡಾಳುಗಳು ಕೈಬಿಟ್ಟುಹೋದರೂ ಸಾಲ ಇದ್ದಲ್ಲೇ ಇರುತ್ತದೆ. ಆಮೇಲೆ ಮಗಳು ಬೆಳ್ಳಿ ತಮ್ಮ ನೀಲನನ್ನು ಕಟ್ಟಿಕೊಂಡು ಘಟ್ಟ ಹತ್ತುತ್ತಾಳೆ. ಮೈಮುರಿದ ದುಡಿಮೆಗೆ ಇಳಿಯದ ಬಾಕಿ ಅವಳ ಮೈಯ ಬೆಲೆಗೆ ಚುಕ್ತಾ ಆಗುತ್ತದೆ. ಕೂಲಿಯ ಲೆಕ್ಕದಲ್ಲಿ ಎಂದೂ ಜಮೆಯಾಗದ್ದು ಬೇರೊಂದು ಲೆಕ್ಕದಲ್ಲಿ ಒಮ್ಮೆಲೇ ಜಮೆಯಾಗುವ ಈ ಭಾಗ ನನ್ನ ಮಟ್ಟಿಗೆ ಕಾದಂಬರಿಯ ಅತ್ಯಂತ ಕಟುವಾದ ಭಾಗ. ಜಾತಿಯ ನಿಷೇಧ ಮತ್ತು ಸಾಲದ ಬಲೆ ಒಂದೇ ಕುಣಿಕೆಯ ಎರಡು ಎಳೆಗಳು ಎಂಬುದನ್ನು ಕಾರಂತರು ಭಾಷಣ ಬಿಗಿಯದೆ ತೋರಿಸಿದ್ದಾರೆ. ಅವರ ದೌರ್ಬಲ್ಯವೂ ಇಲ್ಲೇ ಇದೆ. ತೋಟದ ಕೆಲಸ ಕಾಣುವಷ್ಟು ಧಣಿಯ ಗದ್ದೆಯ ಕೆಲಸ ಕಾಣುವುದಿಲ್ಲ. ನೇಜಿ ನೆಟ್ಟವರ ಸೊಂಟನೋವು, ಅಳೆದುಕೊಟ್ಟ ಭತ್ತದಲ್ಲಿ ಕಡಿಮೆಯಾದ ಸೇರು, ಇವು ಬಂದಿದ್ದರೆ ಚೋಮನ ಆಸೆಗೆ ಇನ್ನಷ್ಟು ತೂಕ ಬರುತ್ತಿತ್ತು.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿಯಿತು. ನಾಯಿ ಹುಲಿಯನನ್ನು ಜೊತೆಗಿಟ್ಟುಕೊಂಡು ಕಾಡು ಅಲೆಯುವ ಗುತ್ತಿ ಜೀತದಾಳು. ತಿಮ್ಮಿಯನ್ನು ಅವನು ಹಾರಿಸಿಕೊಂಡು ಹೋಗುವುದನ್ನು ನಾವು ಪ್ರೇಮಕಥೆಯಾಗಿ ಸವಿಯುತ್ತೇವೆ. ಹೆಗ್ಗಡೆ–ಗೌಡರ ಕಣ್ಣಿಗೆ ಅದು ಒಂದು ಮನೆಯ ಆಳು ಇನ್ನೊಂದು ಮನೆಯ ಆಳನ್ನು ಕದ್ದ ಪ್ರಕರಣ. ಮದುವೆ ಎಂದರೆ ದುಡಿಯುವ ಕೈಗಳ ವರ್ಗಾವಣೆ ಎಂಬ ಸತ್ಯ ಈ ಬೃಹತ್ ಕೃತಿಯ ತಳದಲ್ಲಿ ಸದ್ದಿಲ್ಲದೆ ಹರಿಯುತ್ತದೆ. ಗುತ್ತಿಯನ್ನು ಕುವೆಂಪು ಕರುಣೆಯ ಪಾತ್ರವಾಗಿಸಲಿಲ್ಲ. ಅವನಿಗೆ ತಿರುಗಾಟ ಕೊಟ್ಟರು, ಹಸಿವು ಕೊಟ್ಟರು, ಚೇಷ್ಟೆಯನ್ನೂ ಕೊಟ್ಟರು.

ನಿರಂಜನರ ‘ಚಿರಸ್ಮರಣೆ’ ಕಯ್ಯೂರಿನ ರೈತ ಹೋರಾಟವನ್ನು ಎತ್ತಿಕೊಂಡಿತು. 1943ರಲ್ಲಿ ಕಣ್ಣೂರು ಜೈಲಿನಲ್ಲಿ ನಾಲ್ವರು ನೇಣಿಗೇರಿದ ಇತಿಹಾಸ ಅದರ ಬೆನ್ನಿಗಿದೆ. ಚೋಮನಿಗಿಲ್ಲದ ಸಂಘಟನೆ ಅಲ್ಲಿದೆ. ಆದರೆ ಅಲ್ಲಿನ ಜನ ಸಭೆಯಲ್ಲಿ ಚೆನ್ನಾಗಿ ಕಾಣುತ್ತಾರೆ, ಒಲೆಯ ಮುಂದೆ ಅಷ್ಟಾಗಿ ಕಾಣುವುದಿಲ್ಲ. ನವ್ಯರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನಂತಮೂರ್ತಿಯವರ ‘ಭಾರತೀಪುರ’ದ ಆಳು ಪಿಳ್ಳ, ಧಣಿ ಜಗನ್ನಾಥನ ಪಾಪಪ್ರಜ್ಞೆಗೆ ಹಿಡಿದ ಕನ್ನಡಿಯೇ ಹೊರತು, ಬೆಳಗಿನಿಂದ ಬೈಗಿನವರೆಗೆ ದುಡಿಯುವ ಮನುಷ್ಯನಾಗಿ ನಮ್ಮೆದುರು ನಿಲ್ಲುವುದು ಕಡಿಮೆ.

ಅಷ್ಟರಲ್ಲಿ ಕಾನೂನು ಬದಲಾಯಿತು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿಸಿತು, 1976ರ ಕಾಯ್ದೆ ಜೀತವನ್ನು ರದ್ದುಮಾಡಿತು. ಚೋಮ ಬದುಕಿದ್ದರೆ ಅವನಿಗೆ ನೆಲ ಸಿಗುತ್ತಿತ್ತು ಎಂದು ಸಲೀಸಾಗಿ ಹೇಳುವವರಿದ್ದಾರೆ. ಅವನು ಗೇಣಿದಾರನೇ ಅಲ್ಲ! ಕರಾವಳಿಯ ಒಕ್ಕಲುಗಳು ಗೇಣಿಯ ನೆಲಕ್ಕೆ ಡಿಕ್ಲರೇಷನ್ ಹಾಕಲು ಸಾಲುಗಟ್ಟಿದಾಗ ಮೂಲದಾಳಿನ ಕೈಯಲ್ಲಿ ಬರೆದುಕೊಡಲು ಒಂದು ಸರ್ವೆ ನಂಬರೂ ಇರಲಿಲ್ಲ. ಹಳೆಯ ಗೇಣಿದಾರ ಹೊಸ ಧಣಿಯಾದಾಗ ಆಳಿನ ಗತಿ ಏನಾಯಿತು ಎಂಬ ಕಾದಂಬರಿ ಬರಬೇಕಾದಷ್ಟು ಬರಲಿಲ್ಲ. ಭೂಮಿ ಪಡೆದವರ ಮನೆಗಳಿಂದ ಬರಹಗಾರರು ಬಂದರು, ತಮ್ಮ ಅಪ್ಪನ ಹೋರಾಟ ಬರೆದರು. ಅಪ್ಪನ ಗದ್ದೆಗೆ ಬಂದ ಆಳು ಅವರ ಪುಟಗಳಲ್ಲೂ ಹಿನ್ನೆಲೆಯಲ್ಲೇ ಉಳಿದ.

ಲೆಕ್ಕವನ್ನು ತಿರುಗಾಮುರುಗಾ ಮಾಡಿದವರು ದೇವನೂರ ಮಹಾದೇವ. ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಹಲುಬುತ್ತಾಳೆ, ಸಾಹುಕಾರ ಎತ್ತಪ್ಪನಲ್ಲಿದ್ದ ಒಂದು ಚೀಲ ಕಡಲೆಕಾಯಿ ಅವಳ ಮನೆ ಸೇರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು, ಸುಲಿದು, ನಗಾಡುತ್ತ, ಕಥೆ ಹೇಳುತ್ತ ರಾತ್ರಿಯೆಲ್ಲ ತಿನ್ನುತ್ತಾರೆ. ಪೊಲೀಸರು ಬರುವ ಹೊತ್ತಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಇಲ್ಲಿ ಯಾರೂ ನೆಲ ಕೇಳುವುದಿಲ್ಲ, ಯಾರ ಮನಸ್ಸನ್ನೂ ಕರಗಿಸಲು ಹೋಗುವುದಿಲ್ಲ. ಕಾನೂನಿಗೆ ಕಳವು ಎನಿಸುವ ಈ ಊಟದಲ್ಲಿ ಎಷ್ಟು ತಲೆಮಾರಿನ ಬಾಕಿ ವಸೂಲಾಯಿತೆಂದು ಲೇಖಕ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಮನೆಯಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಕಾರಂತರು ಹೊರಗಿನಿಂದ ಅಷ್ಟು ಪ್ರಾಮಾಣಿಕವಾಗಿ ನೋಡಿದ ಬಡತನಕ್ಕೆ ಇಂಥ ಸಂಭ್ರಮ ದಕ್ಕಿರಲಿಲ್ಲ. ಚೋಮ ಒಬ್ಬನೇ ಸಾಯುತ್ತಾನೆ, ಸಾಕವ್ವನ ಮನೆಯಲ್ಲಿ ಜಗಳವೂ ಗುಂಪಾಗಿಯೇ ನಡೆಯುತ್ತದೆ.

ಈಗ ದುಡಿಮೆಯ ಸ್ವರೂಪವೇ ಬೇರೆ. ರಾಯಚೂರು, ಯಾದಗಿರಿ ಕಡೆಯವರು ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡದ ಕೆಲಸ, ಬಯಲುಸೀಮೆಯ ಕಬ್ಬಿನ ಕಟಾವು, ಮಲೆನಾಡಿನ ಕಾಫಿ ಕೊಯ್ಲು ಎಲ್ಲಕ್ಕೂ ಮುಂಗಡ ಕೊಡುವ ಮೇಸ್ತ್ರಿ ಇದ್ದಾನೆ. ಬೆಳ್ಳಿಯ ಘಟ್ಟ ಇಂದಿಗೂ ಇದೆ, ದಾರಿ ಉದ್ದವಾಗಿದೆ. ನಮ್ಮ ಗ್ರಾಮಕಾದಂಬರಿಗೆ ಮಾತ್ರ ಒಂದು ಊರು, ಒಂದು ಗೌಡಿಕೆ, ಒಂದು ಕೇರಿ ಬೇಕೇಬೇಕು. ಆರು ತಿಂಗಳಿಗೊಮ್ಮೆ ಊರು ಬದಲಿಸುವವರನ್ನು ಆ ಚೌಕಟ್ಟು ಹಿಡಿಯಲಾರದು. ಕಲ್ಯಾಣ ಕರ್ನಾಟಕದ ಕಡೆಯಿಂದ ಬಂದ ಅಮರೇಶ ನುಗಡೋಣಿ, ಕುಂ. ವೀರಭದ್ರಪ್ಪ ಅವರ ಕಥೆಗಳು ಈ ಬದುಕಿಗೆ ಹೆಚ್ಚು ಹತ್ತಿರ ಹೋದದ್ದು ಸಣ್ಣಕಥೆಯ ಗಾತ್ರ ಅವರಿಗೆ ಒದಗಿ ಬಂದದ್ದರಿಂದಲೂ ಇರಬಹುದು. ಮೇಸ್ತ್ರಿಯ ಪುಸ್ತಕ ಹಿಡಿದು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ದೊಡ್ಡ ಕಾದಂಬರಿಗಾಗಿ ನಾನಂತೂ ಕಾಯುತ್ತಿದ್ದೇನೆ. ಅದನ್ನು ಬರೆಯುವವರು ಕುವೆಂಪು ಅವರ ಗುತ್ತಿಯ ತಿರುಗಾಟವನ್ನೂ ಕಾರಂತರ ತೋಟದ ಅಧ್ಯಾಯಗಳನ್ನೂ ಒಟ್ಟಿಗೆ ಓದಿಕೊಂಡರೆ ಒಳ್ಳೆಯದು.