ಹದಿನಾಲ್ಕು ಸಾವಿರ ಕಿಲೋಮೀಟರಿನ ಅರ್ಧಸತ್ಯ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ ಅಂತ ಮೊಬೈಲಿನಲ್ಲಿ ಕೇಳಿ ನೋಡಿ. ಸುಮಾರು 14,000 ಕಿ.ಮೀ., ಹದಿನೈದೂವರೆ ಗಂಟೆ ಅನ್ನೋ ಥರದ ಉತ್ತರ ಥಟ್ಟನೆ ಬರುತ್ತೆ. ಇದರ ಗುಟ್ಟು ಇಷ್ಟೇ: ಎರಡು ನಿಲ್ದಾಣಗಳ ನಡುವೆ ಅತಿ ಹತ್ತಿರದ ಗೆರೆ ಎಳೆದು, ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸೋದು.

ಗೆರೆಯನ್ನು ನಾನು ದೂರೋದಿಲ್ಲ. ಗೋಡೆಯ ಭೂಪಟ ನೋಡಿ ಪೆಸಿಫಿಕ್ ಸಾಗರ ದಾಟಬೇಕು ಅಂದುಕೊಂಡವರಿಗೆ, ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ ಇದೆ ಅಂತ ಕಲಿಸೋದು ಅದೇ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಅಲ್ಲಿಂದ ಬೆಂಗಳೂರಿಗೆ ಆ ದಾರಿಯಲ್ಲೇ ವಿಮಾನ ತಂದರು. ಆದರೆ ಹಿಡಿದದ್ದು ಸುಮಾರು 17 ಗಂಟೆ. ಗಾಳಿ, ಏರೋದು ಇಳಿಯೋದು, ಸುತ್ತುದಾರಿ ಯಾವುದೂ ಭಾಗಾಕಾರಕ್ಕೆ ಸಿಗಲ್ಲ. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಗೆರೆಗೆ ಅದೂ ಕಾಣಿಸದು.

ನಮ್ಮ ದೊಡ್ಡಮ್ಮ ಹೊರಟಾಗ ನಾನೂ ಇದೇ ಸಂಖ್ಯೆ ಓದಿ ಹೇಳಿದ್ದೆ. ಟಿಕೆಟ್ಟಿನಲ್ಲೂ ಮಧ್ಯಾಹ್ನ ಹತ್ತಿ, ಅದೇ ತಾರೀಖು ಸಂಜೆ ಇಳಿಯೋದು ಅಂತ ಇತ್ತು. ಹಾಸನದ ಮನೆ ಬಿಟ್ಟು ಮಗನ ಮನೆ ಸೇರೋಕೆ ಆಗಿದ್ದು 30 ಗಂಟೆ. ಕೈಚೀಲದಲ್ಲಿದ್ದದ್ದು ಒಂದು ಹೊತ್ತಿನ ಸಕ್ಕರೆ ಕಾಯಿಲೆ ಮಾತ್ರೆ. ಮಿಕ್ಕಿದ್ದೆಲ್ಲ ವಿಮಾನದ ಹೊಟ್ಟೆಯೊಳಗಿನ ಸೂಟ್‌ಕೇಸಿನಲ್ಲಿ.

"ಏನೋ, ನಿನ್ನ ಲೆಕ್ಕದಲ್ಲಿ ನಾನೇ ಇರಲಿಲ್ವಾ?" ಅಂದರು ಫೋನಿನಲ್ಲಿ.

ನಿಜ, ಇರಲಿಲ್ಲ. ಅದು ವಿಮಾನದ ಲೆಕ್ಕ. ಈಗ ಯಾರು ಕೇಳಿದರೂ ಮನೆಯಿಂದ ಮನೆಗೆ ಎಷ್ಟು ಹೊತ್ತು ಅಂತ ಹೇಳ್ತೀನಿ. ಎರಡು ದಿನದ ಮಾತ್ರೆ ಕೈಚೀಲದಲ್ಲೇ ಇಟ್ಕೊಳ್ಳಿ ಅಂತಾನೂ.