ದೇಶವಿರುದ್ಧವೆಂಬ ದೋಷದ ವಿಚಾರ

ಅಮೆರಿಕದ ಸಂಯುಕ್ತ ಸಂಸ್ಥಾನದ ಪ್ರತಿನಿಧಿಸಭೆಯು 1938ನೆಯ ಇಸವಿಯಲ್ಲಿ ಒಂದು ವಿಚಾರಣಾಸಮಿತಿಯನ್ನು ನೇಮಿಸಿತು. ದೇಶದೊಳಗೆ ನಡೆಯುವ ‘ಅನ್‌ಅಮೆರಿಕನ್’ ಕಾರ್ಯಗಳನ್ನು ಶೋಧಿಸುವುದು ಅದಕ್ಕೆ ಒಪ್ಪಿಸಿದ ಕೆಲಸ. 1945ರಲ್ಲಿ ಅದು ಶಾಶ್ವತ ಸಮಿತಿಯಾಗಿ 1975ರವರೆಗೆ ಬಾಳಿತು. ಅದರ ಮುಂದೆ ಕರೆಯಲ್ಪಟ್ಟವರಲ್ಲಿ ಕವಿಗಳು, ನಾಟಕಕರ್ತರು, ಚಲಚ್ಚಿತ್ರಗಳಿಗೆ ಕಥೆ ಬರೆಯುವವರು, ನಟರು, ಉಪಾಧ್ಯಾಯರು ಅನೇಕರು. ಸಮಿತಿಯ ರಾಜಕೀಯ ಚರಿತ್ರೆಯನ್ನು ಬರೆದವರು ಬಹುಮಂದಿ ಇರುವರು. ಸಾಹಿತ್ಯವನ್ನು ತಂದು ಕಟಕಟೆಯಲ್ಲಿ ನಿಲ್ಲಿಸಿದ ಆ ಒಂದು ಶಬ್ದವನ್ನು ಮಾತ್ರ ವ್ಯಾಕರಣ ಅಲಂಕಾರಗಳ ಒರೆಗಲ್ಲಿಗೆ ತಿಕ್ಕಿ ನೋಡಿದವರು ಕಡಮೆ. ರಾಷ್ಟ್ರದ ಆದರ್ಶಕ್ಕೆ ವಿರುದ್ಧವೆಂಬ ಮಾತು ಯಾವ ದೇಶದಲ್ಲಿ ಹುಟ್ಟಿದರೂ ಅದರ ಆಕಾರವು ಇದೇ ಆಗಿರುವುದರಿಂದ ಈ ಪರೀಕ್ಷೆಯು ಅಪ್ರಯೋಜಕವಾಗಲಾರದು.

ಆ ಶಬ್ದದ ಮೊದಲಿರುವ ‘ಅನ್’ ಎಂಬುದು ಸಂಸ್ಕೃತದ ನಞ್ಞಿಗೆ ಸಮಾನವಾದುದು. ನಞ್ಞಿಗೆ ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ ಎಂದು ವೈಯಾಕರಣರು ಆರು ಅರ್ಥಗಳನ್ನು ಹೇಳಿದ್ದಾರೆ. ಇವುಗಳಲ್ಲಿ ಪ್ರಕೃತಕ್ಕೆ ಬೇಕಾದುವು ಎರಡು. ‘ಅನಶ್ವ’ವೆಂದರೆ ಕುದುರೆಗಿಂತ ಬೇರೆಯಾದುದು. ಎತ್ತು ಅನಶ್ವವೇ ಸರಿ. ಹಾಗೆಂದು ಎತ್ತಿಗೂ ಕುದುರೆಗೂ ಹಗೆತನವೇನೂ ಇಲ್ಲ. ಇಲ್ಲಿಯ ಅರ್ಥ ಅನ್ಯತ್ವ. ‘ಅಧರ್ಮ’ವೆಂಬಲ್ಲಿ ಹಾಗಲ್ಲ. ಧರ್ಮಕ್ಕೆ ಎದುರು ನಿಂತು ಅದನ್ನು ಕೆಡಿಸತಕ್ಕದ್ದು ಅಧರ್ಮ. ಇಲ್ಲಿಯ ಅರ್ಥ ವಿರೋಧ. ಅಮೆರಿಕದಲ್ಲಿ ರೂಢಿಯಲ್ಲಿಲ್ಲದ ಉಡಿಗೆ, ಊಟ, ಮತ, ಅಭಿಪ್ರಾಯಗಳೆಲ್ಲವೂ ಮೊದಲನೆಯ ಅರ್ಥದಲ್ಲಿ ‘ಅನ್‌ಅಮೆರಿಕನ್’ ಆಗಬಹುದು. ಅದರಲ್ಲಿ ನಿಂದೆಯಿಲ್ಲ. ಸಮಿತಿಯು ತೋರಿಸಿದ ಚಮತ್ಕಾರವೇನೆಂದರೆ, ಅನ್ಯತ್ವವನ್ನು ಸಾಧಿಸಿ ವಿರೋಧವು ಸಿದ್ಧವಾಯಿತೆಂದು ತೀರ್ಪು ಕೊಟ್ಟದ್ದು. ಒಬ್ಬ ಲೇಖಕನು ಬಹುಜನರಂತೆ ಯೋಚಿಸಲಿಲ್ಲವೆಂದು ತೋರಿಸಿದರೆ ಸಾಕಾಗಿತ್ತು. ಅವನು ದೇಶಕ್ಕೆ ಶತ್ರುವೆಂಬುದು ತಾನಾಗಿ ಫಲಿಸುತ್ತಿತ್ತು. ಎತ್ತು ಕುದುರೆಯಲ್ಲವೆಂದು ಸಾಕ್ಷಿಗಳಿಂದ ಸ್ಥಾಪಿಸಿ, ಆಮೇಲೆ ಕುದುರೆಯನ್ನು ಹಾಯ್ದು ಕೊಂದಿತೆಂದು ಅದನ್ನು ದಂಡಿಸಿದ ಹಾಗೆ.

ದೇಶಕ್ಕೆ ನಿಜವಾಗಿ ದ್ರೋಹಮಾಡುವವರು ಇರುವುದಿಲ್ಲವೆ ಎಂದು ಕೇಳಬಹುದು. ಇರುತ್ತಾರೆ. ಆ ಕಾಲದಲ್ಲಿ ರಷ್ಯದ ಸರಕಾರಕ್ಕಾಗಿ ಗೂಢಚಾರಿಕೆ ನಡೆಸಿದವರು ಅಮೆರಿಕದಲ್ಲಿ ಇದ್ದರೆಂಬುದು ಈಗ ಸಂದೇಹವಿಲ್ಲದ ಸಂಗತಿ. ವಿಚಾರಣೆಗೆ ಬಂದ ಲೇಖಕರಲ್ಲಿಯೂ ಕಮ್ಯೂನಿಸ್ಟ್ ಪಕ್ಷದಲ್ಲಿದ್ದವರು ಹಲವರು. ಸ್ಟಾಲಿನನ ಕ್ರೌರ್ಯವನ್ನು ಕಂಡೂ ಕಾಣದಂತಿದ್ದವರು ಅವರಲ್ಲಿ ಇಲ್ಲದಿರಲಿಲ್ಲ. ಆ ರಷ್ಯವಾದರೂ 1958ರಲ್ಲಿ ಪಾಸ್ಟರ್ನಾಕ್ ಕವಿಯನ್ನು ಒಂದು ಕಾದಂಬರಿಗಾಗಿ ಲೇಖಕರ ಸಂಘದಿಂದ ಹೊರಹಾಕಿ, ನೊಬೆಲ್ ಪಾರಿತೋಷಕವನ್ನು ಬೇಡವೆನ್ನುವಂತೆ ಮಾಡಿತು. ಆದರೆ ರಾಷ್ಟ್ರದ್ರೋಹಕ್ಕೆ ಅಮೆರಿಕದ ರಾಜ್ಯಾಂಗವು 1787ರಲ್ಲಿಯೇ ಲಕ್ಷಣವನ್ನು ಕಟ್ಟಿಟ್ಟಿದೆ. ದೇಶದ ಮೇಲೆ ಯುದ್ಧಮಾಡುವುದು, ಶತ್ರುಗಳಿಗೆ ಆಸರೆಯಾಗಿ ನೆರವೀಯುವುದು, ಇಷ್ಟು ಮಾತ್ರವೇ ದ್ರೋಹ. ಅದನ್ನು ಸಾಧಿಸಲು ಒಂದೇ ಬಹಿರಂಗ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳಿರಬೇಕು, ಇಲ್ಲವೆ ಆಪಾದಿತನು ತೆರೆದ ನ್ಯಾಯಾಸ್ಥಾನದಲ್ಲಿ ತಾನೇ ಒಪ್ಪಿಕೊಳ್ಳಬೇಕು. ಇದು ಲಕ್ಷಣ. ತರ್ಕವನ್ನು ಓದುವ ಬಾಲಕರಿಗೆ ಗೋವಿನ ಲಕ್ಷಣವನ್ನು ಹೇಳಿಕೊಡುವ ಕ್ರಮವು ಇಲ್ಲಿ ನೆನಪಿಗೆ ಬರುತ್ತದೆ. ಕೊಂಬುಳ್ಳದ್ದು ಗೋವೆಂದರೆ ಎಮ್ಮೆಯೂ ಸೇರಿಕೊಳ್ಳುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಗೋವೆಂದರೆ ಬಿಳಿಯ ಹಸುವು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊರಳಿನ ಗಂಗೆದೊಗಲನ್ನು ಹೇಳಿದಾಗಲೇ ಲಕ್ಷಣವು ನಿಲ್ಲುತ್ತದೆ. ‘ಅನ್‌ಅಮೆರಿಕನ್’ ಶಬ್ದಕ್ಕೆ ಇಂತಹ ಗಂಗೆದೊಗಲು ಯಾವುದೆಂದು ಸಮಿತಿಯು ಹೇಳಲೇ ಇಲ್ಲ. ಕರಿಯ ಜನರನ್ನು ಹಿಂಸಿಸಿ ಕೊಲ್ಲುತ್ತ ಬಂದ ಕು ಕ್ಲಕ್ಸ್ ಕ್ಲಾನ್ ಕೂಟದ ಮೇಲೆ ಅದು ವಿಸ್ತಾರವಾದ ವಿಚಾರಣೆಯನ್ನು ನಡೆಸಿದ್ದು 1965ರಲ್ಲಿ. ಅವ್ಯಾಪ್ತಿಗೆ ಬೇರೆ ಉದಾಹರಣೆಯೇಕೆ?

ಕಾವ್ಯದಲ್ಲಿ ದೇಶವಿರುದ್ಧವೆಂಬ ದೋಷವು ಭಾರತೀಯ ಆಲಂಕಾರಿಕರಿಗೆ ಹೊಸದಲ್ಲ. ಭಾಮಹನೂ ದಂಡಿಯೂ ಅದನ್ನು ಎಣಿಸಿದ್ದಾರೆ. ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮಗಳಿಗೆ ವಿರುದ್ಧವಾದ ಉಕ್ತಿಗಳನ್ನು ಉದಾಹರಣೆಸಮೇತವಾಗಿ ವಿವರಿಸುತ್ತಾನೆ. ಚಂದನಕ್ಕೆ ಹೆಸರಾದ ಮಲಯಪರ್ವತದ ಗಾಳಿಗೆ ಕರ್ಪೂರವೃಕ್ಷದ ಕಂಪನ್ನು ಕಟ್ಟುವುದು, ಚೋಳರ ಕಾವೇರೀತೀರದಲ್ಲಿ ಕರಿಯ ಅಗರುವಿನ ತೋಪನ್ನು ಬೆಳೆಸುವುದು ದೇಶವಿರೋಧವೆನ್ನಿಸುತ್ತದೆ. ಹೊರನೋಟಕ್ಕೆ ಇದೂ ಅದೇ ಶಬ್ದ, ಒಳಗೆ ಅಜಗಜಾಂತರ. ದಂಡಿಯ ದೋಷವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಕಾವೇರಿಯ ದಂಡೆಗೆ ಹೋಗಿ ಮರಗಳನ್ನು ನೋಡಿ ಬಂದರಾಯಿತು. ಕವಿಯೂ ಹೋಗಿ ನೋಡಿ ತಿದ್ದಿಕೊಳ್ಳಬಹುದು. ಅಲ್ಲದೆ ದೋಷವು ವಾಕ್ಯಕ್ಕೆ ಹತ್ತಿತೇ ಹೊರತು ಕವಿಯ ಜನ್ಮಕ್ಕೆ ಹತ್ತಲಿಲ್ಲ; ಅಗರುವನ್ನು ತಪ್ಪಾಗಿ ನೆಟ್ಟವನನ್ನು ಚೋಳದ್ವೇಷಿಯೆಂದು ಯಾವ ವ್ಯಾಖ್ಯಾನಕಾರನೂ ಕರೆಯಲಿಲ್ಲ. ಇಷ್ಟನ್ನೂ ಹೇಳಿದ ಮೇಲೆ ದಂಡಿಯು, ಕವಿಯ ಕೌಶಲದಿಂದ ಇಂತಹ ವಿರೋಧವೂ ಒಮ್ಮೊಮ್ಮೆ ದೋಷದ ಎಣಿಕೆಯನ್ನು ದಾಟಿ ಗುಣವಾಗುವುದುಂಟೆಂದು ಸೇರಿಸಿದ್ದಾನೆ. ದಂಡಿಯ ಜಾಡನ್ನು ಹಿಡಿದು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡಿನ ಎಲ್ಲೆಯನ್ನು ಅಳೆದುಕೊಟ್ಟ ಗ್ರಂಥ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯನ್ನು ಸಂಪತ್ತೆಂದು ಎಣಿಸಿದ್ದೂ ಅದೇ ಗ್ರಂಥ. ನಾಡಿನ ಎಲ್ಲೆಯು ಅಲ್ಲಿ ವಿಚಾರದ ಎಲ್ಲೆಯಾಗಲಿಲ್ಲ.

ಅಮೆರಿಕದ ಸಮಿತಿಯು ಸಾಹಿತ್ಯವನ್ನು ಎಷ್ಟರ ಮಟ್ಟಿಗೆ ಓದಿತ್ತೆಂಬುದಕ್ಕೆ 1938ರ ಡಿಸೆಂಬರಿನ ಒಂದು ಪ್ರಸಂಗವುಂಟು. ಕೆಲಸವಿಲ್ಲದ ನಟರಿಗೂ ರಂಗಶಿಲ್ಪಿಗಳಿಗೂ ಜೀವನ ಕಲ್ಪಿಸಲು 1935ರಲ್ಲಿ ಸರಕಾರವೇ ಸ್ಥಾಪಿಸಿದ್ದ ರಂಗಭೂಮಿಯ ಯೋಜನೆಗೆ ಹ್ಯಾಲಿ ಫ್ಲಾನಗನ್ ಎಂಬ ಮಹಿಳೆಯು ಮುಖ್ಯಸ್ಥೆಯಾಗಿದ್ದಳು. ಆಕೆಯು ಹಿಂದೆ ಬರೆದ ಒಂದು ಲೇಖನದಲ್ಲಿ ಮಾರ್ಲೋ ಕವಿಯ ಹೆಸರಿನಿಂದ ಹುಟ್ಟಿದ ವಿಶೇಷಣವೊಂದು ಬಂದಿತ್ತು. ಅಲಬಾಮಾ ಪ್ರಾಂತದ ಪ್ರತಿನಿಧಿಯಾದ ಸ್ಟಾರ್ನ್ಸ್, ಈ ಮಾರ್ಲೋ ಎಂಬವನು ಕಮ್ಯೂನಿಸ್ಟನೋ ಎಂದು ಪ್ರಶ್ನಿಸಿದನು. ಷೇಕ್ಸ್‌ಪಿಯರನಿಗೆ ಸ್ವಲ್ಪ ಮೊದಲಿದ್ದ ಶ್ರೇಷ್ಠ ನಾಟಕಕರ್ತನು ಅವನೆಂಬುದನ್ನು ದಾಖಲೆಯಲ್ಲಿ ಬರೆದುಕೊಳ್ಳಬೇಕೆಂದು ಆಕೆಯು ಉತ್ತರವಿತ್ತಳು. ಮಾರ್ಲೋ ಸತ್ತು ಆಗಲೇ 345 ವರ್ಷಗಳಾಗಿದ್ದುವು. ಸಭೆಯಲ್ಲಿ ನಗೆಯೆದ್ದಿತು. ಆದರೆ ನಗೆಯಿಂದ ಅನ್ನ ಹುಟ್ಟುವುದಿಲ್ಲ. 1939ರ ಜೂನ್ 30ರಂದು ಶಾಸನಸಭೆಯು ಹಣವನ್ನು ನಿಲ್ಲಿಸಿದ್ದರಿಂದ ಆ ರಂಗಭೂಮಿಯೇ ಮುಚ್ಚಿ ಸಾವಿರಾರು ಜನರು ಬೀದಿಗೆ ಬಿದ್ದರು. 1947ರ ಅಕ್ಟೋಬರಿನಲ್ಲಿ ಜರ್ಮನ್ ಕವಿ ಬ್ರೆಕ್ಟನ ಪದ್ಯವೊಂದರ ಇಂಗ್ಲಿಷ್ ಭಾಷಾಂತರವನ್ನು ಓದಿ, ಇದನ್ನು ಬರೆದದ್ದು ನೀನೋ ಎಂದು ಅವನನ್ನು ಕೇಳಿದರು. ತಾನು ಬರೆದದ್ದು ಜರ್ಮನ್ ಪದ್ಯ, ಅದು ಇದಕ್ಕಿಂತ ಬಹಳ ಬೇರೆಯೆಂದನು. ಭಾಷಾಂತರದ ಮೇಲೆ ಇಷ್ಟು ಚಿಕ್ಕದಾಗಿಯೂ ಚೊಕ್ಕವಾಗಿಯೂ ನಡೆದ ವಿಮರ್ಶೆ ಅಪರೂಪ.

ಅದೇ ತಿಂಗಳು ಚಲಚ್ಚಿತ್ರರಂಗದ ಹತ್ತು ಮಂದಿ ಲೇಖಕರೂ ನಿರ್ದೇಶಕರೂ ತಮ್ಮ ಪಕ್ಷವಾವುದೆಂಬ ಪ್ರಶ್ನೆಗೆ ಉತ್ತರ ಕೊಡಲೊಲ್ಲದೆ, ಶಾಸನಸಭೆಯ ನಿಂದನೆಗಾಗಿ ಆರು ತಿಂಗಳಿಂದ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾದರು. ಚಿತ್ರಸಂಸ್ಥೆಗಳ ಒಡೆಯರು ಅವರಿಗೆ ಕೆಲಸ ಕೊಡುವುದಿಲ್ಲವೆಂದು ಸಾರಿದರು. ಅವರಲ್ಲೊಬ್ಬನಾದ ಡಾಲ್ಟನ್ ಟ್ರಂಬೋ ಕಳ್ಳಹೆಸರಿನಲ್ಲಿ ಬರೆದು ಬದುಕಬೇಕಾಯಿತು. 1953ರ ‘ರೋಮನ್ ಹಾಲಿಡೇ’ ಚಿತ್ರದ ಕಥೆಗೆ ದೇಶದ ಅತ್ಯುನ್ನತ ಚಿತ್ರಪಾರಿತೋಷಕವು ಬಂದದ್ದು ಅವನ ಮಿತ್ರನ ಹೆಸರಿಗೆ. 1956ರ ‘ದಿ ಬ್ರೇವ್ ಒನ್’ ಚಿತ್ರದ ಕಥೆಗೂ ಅದೇ ಪಾರಿತೋಷಕವು ರಾಬರ್ಟ್ ರಿಚ್ ಎಂಬವನಿಗೆ ಘೋಷಿತವಾಯಿತು. ಅಂತಹ ಲೇಖಕನೇ ಇರಲಿಲ್ಲ. ಇಲ್ಲಿ ಅನ್ವಯವ್ಯತಿರೇಕಗಳನ್ನು ಹಚ್ಚಿ ನೋಡಬೇಕು. ಹೆಸರಿದ್ದಾಗ ದೋಷವುಂಟು, ಹೆಸರಿಲ್ಲದಾಗ ದೋಷವಿಲ್ಲ. ಲೇಖನಿಯೊಂದೇ, ಭಾವವೊಂದೇ, ನೋಡಿ ಮೆಚ್ಚಿದ ಜನರೂ ಅವರೇ. ದೇಶಕ್ಕೆ ವಿರುದ್ಧವಾದುದು ಬರಹದಲ್ಲಿ ಇದ್ದಿದ್ದರೆ ಹೆಸರನ್ನು ಅಳಿಸಿದ ಮಾತ್ರಕ್ಕೆ ಅದು ಎಲ್ಲಿಗೆ ಹೋಯಿತು?

ಈ ವಿಷಯವನ್ನು ನಾಟಕದ ರೂಪಕ್ಕೆ ತಂದವನು ಆರ್ಥರ್ ಮಿಲ್ಲರನು. ಅವನ ‘ದಿ ಕ್ರೂಸಿಬಲ್’, ಎಂದರೆ ಅಕ್ಕಸಾಲೆಯ ಮೂಸೆ, 1953ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ರಂಗವನ್ನೇರಿತು. 1692ರಲ್ಲಿ ಮ್ಯಾಸಚೂಸೆಟ್ಸಿನ ಸೇಲಂ ಎಂಬ ಊರಿನಲ್ಲಿ ಮಾಟದ ಆರೋಪದಿಂದ 19 ಜನರನ್ನು ನೇಣುಹಾಕಿದ್ದು ಅದರ ವಸ್ತು. ತಮ್ಮನ್ನು ಯಾರೋ ಅದೃಶ್ಯರೂಪದಿಂದ ಹಿಂಸಿಸುತ್ತಾರೆಂದು ಬಾಲಿಕೆಯರು ಚೀರಿದರೆ ಅದೇ ಸಾಕ್ಷ್ಯ. ಒಪ್ಪಿಕೊಂಡವರು ಉಳಿದರು; ಒಪ್ಪದೆ ಹೋದವರು ನೇಣಿಗೇರಿದರು. ಲಕ್ಷಣವಿಲ್ಲದ ಅಪರಾಧದ ಗತಿಯೇ ಹೀಗೆ. ಅದನ್ನು ಖಂಡಿಸುವ ಹಾದಿಯಿಲ್ಲ. ಒಪ್ಪಿಕೊಂಡು ಇನ್ನೊಬ್ಬರ ಹೆಸರನ್ನು ಹೇಳುವುದೊಂದೇ ಬಿಡುಗಡೆ. ನಾಟಕದ ಕೊನೆಯಲ್ಲಿ ಪ್ರಾಕ್ಟರ್ ಎಂಬ ರೈತನು ಪ್ರಾಣಭಯದಿಂದ ಬಾಯಲ್ಲಿ ಒಪ್ಪಿಕೊಳ್ಳುತ್ತಾನೆ, ಪತ್ರಕ್ಕೆ ರುಜುವನ್ನೂ ಹಾಕುತ್ತಾನೆ. ಇತರರನ್ನು ಮಾತ್ರ ತೋರಿಸಿಕೊಡಲೊಲ್ಲ. ಆ ಪತ್ರವನ್ನು ಜನರ ಕಣ್ಣಿಗೆ ತೂಗಹಾಕುವರೆಂದು ತಿಳಿದಾಗ ಹರಿದುಹಾಕಿ ಸಾವಿಗೆ ನಡೆಯುತ್ತಾನೆ. ಈ ಅಂಕವು ಆ ಶತಮಾನದ ಶ್ರೇಷ್ಠ ನಾಟಕಭಾಗಗಳಲ್ಲಿ ಸೇರತಕ್ಕದ್ದು. ನಾಟಕವು ನಿರ್ದುಷ್ಟವೆಂದಲ್ಲ. ಚರಿತ್ರೆಯ ಆಬಿಗೇಲ್ ಹನ್ನೊಂದು ಹನ್ನೆರಡರ ಹುಡುಗಿ, ಪ್ರಾಕ್ಟರ್ ಅರುವತ್ತರ ವೃದ್ಧ. ಮಿಲ್ಲರನು ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತೈದರ ಸುಮಾರಿಗೆ ಇಳಿಸಿ, ನಡುವೆ ಒಂದು ಕಳ್ಳಪ್ರಣಯವನ್ನು ಕಲ್ಪಿಸಿದನು. ಚರಿತ್ರೆಯನ್ನು ಮಾರ್ಪಡಿಸಲು ಕವಿಗೆ ಅಧಿಕಾರವುಂಟು. ಆದರೆ ಒಂದು ಊರಿಗೆ ಊರೇ ನೆರೆಯವರನ್ನು ಕೊಲ್ಲಲು ಒಪ್ಪಿದ ಭಯಂಕರವು ಒಬ್ಬ ತರುಣಿಯ ಈರ್ಷ್ಯೆಯಿಂದ ಹುಟ್ಟಿತೆಂದರೆ, ನ್ಯಾಯಾಧೀಶರ ಪಾಪವು ಅಷ್ಟರ ಮಟ್ಟಿಗೆ ಹಗುರವಾಗುತ್ತದೆ. ಕಾರಣವು ಕಾರ್ಯವನ್ನು ಹೊರಲಾರದಾಗುತ್ತದೆ.

ಬ್ರಸೆಲ್ಸಿನಲ್ಲಿ ಈ ನಾಟಕದ ಪ್ರಯೋಗವನ್ನು ನೋಡಲು 1954ರಲ್ಲಿ ಹೊರಟ ಕವಿಗೆ ಸರಕಾರವು ರಹದಾರಿಯನ್ನು ಕೊಡಲಿಲ್ಲ. 1956ರಲ್ಲಿ ಅವನೂ ಸಮಿತಿಯ ಮುಂದೆ ನಿಂತನು. ತನ್ನ ವಿಷಯವನ್ನು ಹೇಳಿದನು. ಹಿಂದೆ ತನ್ನೊಡನೆ ಸಭೆಯಲ್ಲಿದ್ದ ಲೇಖಕರ ಹೆಸರನ್ನು ಹೇಳಲಿಲ್ಲ. ಇದಕ್ಕಾಗಿ 1957ರಲ್ಲಿ ಅಪರಾಧಿಯೆನ್ನಿಸಿ, 1958ರಲ್ಲಿ ಮೇಲಿನ ನ್ಯಾಯಾಸ್ಥಾನದಿಂದ ಬಿಡುಗಡೆ ಹೊಂದಿದನು.

ಅಷ್ಟರಲ್ಲಿ, 1957ರ ಜೂನ್ ತಿಂಗಳಲ್ಲಿ, ವಾಟ್ಕಿನ್ಸ್ ಎಂಬ ಕಾರ್ಮಿಕನಾಯಕನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಸಮಿತಿಯ ಅಧಿಕಾರಪತ್ರವನ್ನೇ ಕೈಗೆತ್ತಿಕೊಂಡು, ಈ ‘ಅನ್‌ಅಮೆರಿಕನ್’ ಎಂಬುದರ ಅರ್ಥವನ್ನು ನಿರ್ಣಯಿಸಬಲ್ಲವರು ಯಾರು ಎಂದು ಕೇಳಿದನು. ತರ್ಕಶಾಲೆಯ ಬಾಲಕನು ಮೊದಲ ದಿನ ಕೇಳತಕ್ಕ ಪ್ರಶ್ನೆಯನ್ನು ಅಲ್ಲಿಯ ಅತ್ಯುನ್ನತ ನ್ಯಾಯಾಸ್ಥಾನವು ಕೇಳುವುದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು. ಕೇಳಿದ ಮೇಲೆಯೂ ಸ್ಥಿರವಾಗಿ ನಿಲ್ಲಲಿಲ್ಲ. 1959ರಲ್ಲಿ ಅದೇ ನ್ಯಾಯಾಸ್ಥಾನವು ಒಬ್ಬ ಅಧ್ಯಾಪಕನ ಮೊಕದ್ದಮೆಯಲ್ಲಿ ನಾಲ್ವರ ವಿರುದ್ಧ ಐವರ ಮತದಿಂದ ಸಮಿತಿಯ ಪಕ್ಷವನ್ನು ಹಿಡಿಯಿತು. 1969ರಲ್ಲಿ ಸಮಿತಿಯು ತನ್ನ ಹೆಸರಿನಿಂದ ಆ ಶಬ್ದವನ್ನು ತೆಗೆದು ಆಂತರಿಕ ಭದ್ರತೆಯೆಂಬ ಹೆಸರನ್ನು ಇಟ್ಟುಕೊಂಡಿತು, 1975ರಲ್ಲಿ ರದ್ದಾಯಿತು. ಅದೇ ವರ್ಷ ‘ದಿ ಬ್ರೇವ್ ಒನ್’ ಚಿತ್ರದ ಪಾರಿತೋಷಕವನ್ನು ಟ್ರಂಬೋವಿನ ಕೈಗೆ ಕೊಟ್ಟರು. ಮರುವರ್ಷ ಅವನು ತೀರಿಕೊಂಡನು. ‘ರೋಮನ್ ಹಾಲಿಡೇ’ ಕಥೆಯ ಪಾರಿತೋಷಕವನ್ನು 1993ರಲ್ಲಿ ಅವನ ಹೆಂಡತಿಯು ಸ್ವೀಕರಿಸಿದಳು.